ತೊಟ್ಟಿಲ ಹಾಡಿಗೊಂದು ಮೈಕು

ತಾನು ಹಾಡಿದರೆ ಮಲಗದ ಕೂಸು ಸಿರುಗುಪ್ಪದಲ್ಲೇ ಇಲ್ಲ ಎಂದು ನಮ್ಮಕ್ಕ ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳಲಿ, ಅದು ನಿಜವೂ ಹೌದು. ಬಾಣಂತನಕ್ಕೆಂದು ತವರಿಗೆ ಬಂದಿದ್ದ ಅವಳ ಮಗಳ ಕೂಸು ಹುಟ್ಟಿದಾಗಿನಿಂದ ಅಜ್ಜಿಯ ಜೋಗುಳ ಕೇಳದೆ ಕಣ್ಣು ಮುಚ್ಚಿದ್ದಿಲ್ಲ. ಐದನೇ ತಿಂಗಳಿಗೆ ತಾಯಿ ಮಗು ಇಬ್ಬರೂ ಕುರುಗೋಡಿನ ಗಂಡನ ಮನೆಗೆ ಹೊರಡಬೇಕು. ಅಲ್ಲಿ ಈ ಕೂಸನ್ನು ಮಲಗಿಸುವವರು ಯಾರು? ಮಗಳು ಅಕ್ಕನ ಹಾಡನ್ನು ಫೋನಿನಲ್ಲಿ ಹಿಡಿದು ಕೇಳಿಸಿ ನೋಡಿದ್ದಳು. ಡಬ್ಬಿಯೊಳಗಿಂದ ಬಂದಂತಿದ್ದ ಆ ದನಿಗೆ ಕೂಸು ಬೆಚ್ಚಿ ಇನ್ನಷ್ಟು ಕಿರುಚಿತ್ತಂತೆ. ಚಿಗವ್ವ, ಒಂದು ಚಲೋ ಮೈಕು ತಂದುಕೊಡು ಎಂದು ನನಗೆ ಗಂಟುಬಿದ್ದಳು.

ಬಳ್ಳಾರಿಯ ಪಾರ್ವತಿನಗರದಲ್ಲಿ ಮನೆ ಮಾಡಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮವರ ಲೆಕ್ಕದಲ್ಲಿ ನಾನು ಎಲ್ಲ ಬಲ್ಲವಳು. ಮೈಕಿನ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಸೊನ್ನೆ. ಆದರೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಅಡುಗೆ ಮಾಡುತ್ತ ತೆಲುಗು ವಿಡಿಯೊಗಳನ್ನು ನೋಡಿದೆ. ಎಲ್ಲರೂ ಹೊಗಳಿದ್ದು ಕಂಡೆನ್ಸರ್ ಮೈಕನ್ನು; ಸೂಜಿ ಬಿದ್ದ ಸದ್ದನ್ನೂ ಬಿಡುವುದಿಲ್ಲವಂತೆ. ಬೆಂಗಳೂರು ರಸ್ತೆಯ ಅಂಗಡಿಯವರೂ ಹೊಸಬರಿಗೆ ಇದೇ ಸರಿ, ಬೆಲೆಯೂ ಕಡಿಮೆ ಎಂದರು. ಬೆಳ್ಳಿ ಬಣ್ಣ, ಕೆಳಗೆ ಪುಟ್ಟ ಕಾಲು. ನೋಡಲು ಚೆಂದವಿತ್ತು. ಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಸೂಜಿಯ ಸದ್ದಿನ ಮಾತು ಸುಳ್ಳಲ್ಲ. ಹಿಂದಿನ ಓಣಿಯ ಅಕ್ಕಿ ಗಿರಣಿ, ಫ್ಯಾನಿನ ಗರಗರ, ತರಕಾರಿ ಗಾಡಿಯವನ ಕೂಗು, ಪಕ್ಕದ ಮನೆಯ ಕುಕ್ಕರಿನ ಸೀಟಿ ಎಲ್ಲವನ್ನೂ ಅದು ಕರೆದು ಕೂರಿಸಿಕೊಂಡಿತ್ತು. ಅಕ್ಕನ ದನಿ ಎಲ್ಲೋ ಮೂಲೆಯಲ್ಲಿತ್ತು. ಫ್ಯಾನು ಆರಿಸಿ ಕಿಟಕಿ ಮುಚ್ಚಿದೆವು. ನಮ್ಮ ಕಡೆಯ ಬಿಸಿಲಿನಲ್ಲಿ ಫ್ಯಾನಿಲ್ಲದೆ ಒಂದು ಹಾಡು ಮುಗಿಸುವುದೇನು ಹುಡುಗಾಟವೇ? ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಅಕ್ಕ ಜೋಗುಳದ ನಡುವೆಯೇ ನನ್ನನ್ನು ಬೈದಳು. ಮೈಕು ಆ ಬೈಗುಳವನ್ನು ಮಾತ್ರ ಅಚ್ಚುಕಟ್ಟಾಗಿ ಹಿಡಿಯಿತು. ಪಕ್ಕದಲ್ಲಿ ಕೂತಿದ್ದ ಮಗಳು ಬಿದ್ದು ಬಿದ್ದು ನಕ್ಕಳು.

ಬದಲಿಸಿಕೊಳ್ಳಲು ಹೋದಾಗ ಅಂಗಡಿಯವರು ಮುಖ ಗಂಟಿಕ್ಕಿದರು. ನಾನೂ ಗಂಟಿಕ್ಕಿದೆ, ಅದರಲ್ಲಿ ನಾನೇನೂ ಕಡಿಮೆಯಿಲ್ಲ. ರಸ್ತೆಯ ಹಾರ್ನುಗಳ ನಡುವೆಯೇ ಅಲ್ಲಿದ್ದ ಮೈಕುಗಳಲ್ಲಿ ಒಂದೊಂದರಲ್ಲೂ ಮಾತಾಡಿ, ಕೇಳಿ ನೋಡಿದೆ. ಮೊದಲೇ ಹಾಗೆ ಮಾಡಬೇಕಿತ್ತು. ನಾಲಿಗೆಗೆ ತಾಗಿಸದೆ ಉಪ್ಪಿನಕಾಯಿ ಕೊಳ್ಳುವವಳಲ್ಲ ನಾನು. ಕೊನೆಗೆ ಭಜನೆಯವರು ಕೈಯಲ್ಲಿ ಹಿಡಿಯುತ್ತಾರಲ್ಲ, ಅಂಥದೇ ಒಂದು ಕಪ್ಪು ಮೈಕು ಹಿಡಿಸಿತು. ಡೈನಮಿಕ್ ಅಂತೆ. ಫೋನಿಗೇ ನೇರವಾಗಿ ಚುಚ್ಚಬಹುದು. ಬಾಯಿ ಹತ್ತಿರ ತಂದರಷ್ಟೇ ಕೇಳಿಸಿಕೊಳ್ಳುತ್ತದೆ, ದೂರದವರ ಗೊಡವೆ ಅದಕ್ಕಿಲ್ಲ. ಮೊದಲಿನದಕ್ಕಿಂತ ಅಗ್ಗವೂ ಆಗಿತ್ತು.

ಮತ್ತೆ ಸಿರುಗುಪ್ಪ. ಮರುದಿನವೇ ಮಗಳು ಹೊರಡುವವಳಿದ್ದಳು. ದನಿ ಗುಂಯ್‌ಗುಡದಿರಲೆಂದು ಗೋಡೆಗೆ ಕೌದಿ ಇಳಿಬಿಟ್ಟೆವು. ಅಳು ಕೇಳಬಾರದೆಂದು ಕೂಸನ್ನೂ ತಾಯಿಯನ್ನೂ ಓಣಿಯ ಆ ತುದಿಯ ಮನೆಗೆ ಕಳಿಸಿದೆವು. ಅಕ್ಕ ಮೈಕು ಹಿಡಿದು ಒಂದು ಸಾಲು ಹಾಡಿ ನಿಲ್ಲಿಸಿದಳು. ನಾನು ಕಾದೆ. ಅವಳೂ ಕಾದಳು. ಮತ್ತೊಂದು ಸಾಲು ಹಾಡಿ, ಮತ್ತೆ ಸುಮ್ಮನಾಗಿ, ನನ್ನನ್ನು ಕಣ್ಣು ಕೆಕ್ಕರಿಸಿ ನೋಡಿದಳು.

ಆಗ ಹೊಳೆಯಿತು. ನಮ್ಮ ಮನೆಯಲ್ಲಿ ಜೋಗುಳವನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಸಾಲು ಎತ್ತಿದರೆ, ಒಲೆಯ ಮುಂದಿರಲಿ, ಅಕ್ಕಿ ಆರಿಸುತ್ತಿರಲಿ, ಇನ್ನೊಬ್ಬರು 'ಜೋ ಜೋ' ಎಂದು ಸೊಲ್ಲು ಹಿಡಿಯಬೇಕು. ಇಷ್ಟು ದಿನ ಮಗಳು ಹಿಡಿಯುತ್ತಿದ್ದಳು. ಸೊಲ್ಲು ಬೀಳದೆ ಅಕ್ಕನ ಬಾಯಿ ಮುಂದಿನ ಸಾಲಿಗೆ ಏಳುವುದೇ ಇಲ್ಲ.

ನನ್ನ ದನಿ ಗಡಸು. ಮದುವೆ ಮನೆಯಲ್ಲಿ ಸೋಬಾನೆಗೆ ಕೂತರೆ, ಎಲೆ ಅಡಿಕೆ ಹಂಚು ಎಂದು ನನ್ನನ್ನು ಎಬ್ಬಿಸಿ ಕಳಿಸುತ್ತಾರೆ. ಕೂಸು ಹೆದರೀತು ಎಂದೆ.

"ಗ್ವಾಡಿಗೆ ಹಾಡಾಕ ನನಗ ಬರಂಗಿಲ್ಲ," ಎಂದಳು ಅಕ್ಕ. "ನಿನ್ನ ದನಿ ಹೆಂಗರ ಇರ್ಲಿ, ಜೋ ಅನ್ಲೇ."

ಆ ಮೈಕಿಗೆ ಇಬ್ಬರೂ ಕೇಳಬೇಕಾದರೆ ಕೆನ್ನೆಗೆ ಕೆನ್ನೆ ತಾಗಿಸಿ ಕೂರಬೇಕಿತ್ತು. ಕೂತೆವು. ಚಿಕ್ಕಂದಿನಲ್ಲಿ ಒಟ್ಟಿಗೆ ಮಲಗುತ್ತಿದ್ದದ್ದು ಬಿಟ್ಟರೆ ಅವಳಿಗೆ ಇಷ್ಟು ಹತ್ತಿರ ಎಂದೂ ಕೂತವಳಲ್ಲ. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದೆವು, ಎರಡು ಸಲ ನಗು ಬಂದು ಹಾಡು ನಿಂತಿತು. ಅವಳು ಹಾಡುತ್ತ ಹೋದಳು, ನಾನು ಜೋ ಎನ್ನುತ್ತ ಹೋದೆ. ನನಗೆ ವಿಪರೀತ ಖುಷಿಯಾಗಿತ್ತು.

ವಾರದೊಳಗೆ ಕುರುಗೋಡಿನಿಂದ ಮಗಳ ಫೋನು ಬಂತು. ಅಕ್ಕನನ್ನೂ ಅದೇ ಕರೆಗೆ ಸೇರಿಸಿಕೊಂಡಿದ್ದಳು. ಕೂಸು ಹಾಡು ಕೇಳಿ ದಿನವೂ ಮಲಗುತ್ತಿದೆಯಂತೆ. ಅಕ್ಕ ಬೀಗುತ್ತ, ತನ್ನ ಯಾವ ಸಾಲಿಗೆ ನಿದ್ದೆ ಹತ್ತುತ್ತದೆ ಎಂದು ಕೇಳಿದಳು.

"ಯವ್ವಾ, ನೀ ಹಾಡೂತನ ಕಣ್ಣು ಪಿಳಿಪಿಳಿ ಬಿಟ್ಕೊಂಡು ಕೇಳ್ತಾಳ," ಎಂದಳು ಮಗಳು. "ಚಿಗವ್ವ ಜೋ ಅಂದ ಕೂಡ್ಲೆ ಕಣ್ಣು ಮುಚ್ತಾಳ."

ಅಕ್ಕನಿಗೆ ಸಮಾಧಾನ ಹೇಳುವಷ್ಟು ಒಳ್ಳೆಯವಳು ನಾನಲ್ಲ. ಫೋನಿಟ್ಟು ರೊಟ್ಟಿ ಬಡಿಯಲು ಕೂತವಳು, ಅವಳ ಸಾಲುಗಳನ್ನೂ ಸೇರಿಸಿ ಇಡೀ ಜೋಗುಳವನ್ನು ಬೀದಿಗೆ ಕೇಳುವಂತೆ ಹಾಡಿದೆ.