ಹತ್ತನೆಯ ಸಲ ಬಿದ್ದವರಿಗೆ

ಸೆಂಗಾ ಲ್ಯಾಮಂಡ್‌ಳ ಹೆಸರು ತಲೆಕೆಳಗಾದದ್ದು ಅವಳ ತಪ್ಪಲ್ಲ. ತಾಯಿಯ ಹೆಸರು ಆಗ್ನೆಸ್. ಹಿರಿಯ ಮಗಳಿಗೆ ಅಜ್ಜಿಯ ಹೆಸರು ಹೋಯಿತು, ಕಿರಿಯವಳಿಗಾದರೂ ತನ್ನದಿರಲಿ ಎಂದು ಆಕೆಗೆ ಆಸೆ. ಆದರೆ ಒಂದೇ ಮನೆಯಲ್ಲಿ ಇಬ್ಬರು ಆಗ್ನೆಸ್‌ಗಳಿದ್ದರೆ, ಕೆಲಸಕ್ಕೆ ಕೂಗಿದಾಗ ಒಬ್ಬರೂ ಓಗೊಡುವುದಿಲ್ಲವೆಂಬ ಅನುಮಾನ. ಡಂಡೀ ಊರಿನ ಎಷ್ಟೋ ತಾಯಂದಿರು ಮಾಡಿದ್ದನ್ನೇ ಆಕೆಯೂ ಮಾಡಿದಳು. ಇಂಗ್ಲಿಷಿನ ಆಗ್ನೆಸನ್ನು ಬಾಲದಿಂದ ತಲೆಗೆ ಓದಿದಳು. ಸೆಂಗಾ ಆಯಿತು. ನಿಮ್ಮ ಕಿವಿಗೆ ಶೇಂಗಾ ಎಂದು ಕೇಳಿಸಿದರೆ ಅದೂ ತೀರಾ ತಪ್ಪಲ್ಲ. ಗಿಡ್ಡಗೆ, ದುಂಡಗೆ, ಮೇಲೊಂದು ಒರಟು ಸಿಪ್ಪೆ ಹೊತ್ತ ಹೆಂಗಸು.

ಶಾಲೆ ಬಿಟ್ಟವಳು ನೇರ ಸೆಣಬಿನ ಗಿರಣಿ ಸೇರಿದಳು. ಮಗ್ಗಗಳ ಗದ್ದಲದ ಮೇಲೆ ಮಾತಾಡಿ ಮಾತಾಡಿ ಅವಳ ಗಂಟಲು ಹಡಗಿನ ಕೊಂಬಿನಂತಾಯಿತು. ಗಿರಣಿ ಮುಚ್ಚಿತು, ಗಂಟಲು ಮುಚ್ಚಲಿಲ್ಲ. ಆಮೇಲೆ ಶಾಲೆಯೊಂದರ ಅಡುಗೆಮನೆ, ಬಸ್ ನಿಲ್ದಾಣದ ಟಿಕೆಟ್ ಕಿಟಕಿ, ಗಂಡನ ಕಾಯಿಲೆ, ಗಂಡನಿಲ್ಲದ ಮನೆ. ಐವತ್ತು ದಾಟಿದ ಮೇಲೆ, ತೊಂಬತ್ತರ ದಶಕದ ನಡುವಿನಲ್ಲಿ, ಹಳೆಯ ಸೆಣಬಿನ ಗೋದಾಮೊಂದರ ಬಾಗಿಲು ತಟ್ಟಿದಳು. ಒಳಗೆ ಈಗ ಸೆಣಬಿರಲಿಲ್ಲ. ತಲೆ ಬಾಚದ ಒಂದಷ್ಟು ಹುಡುಗರು ಕಂಪ್ಯೂಟರ್ ಮುಂದೆ ಕೂತು ವಿಡಿಯೋ ಗೇಮ್ ನೇಯುತ್ತಿದ್ದರು. ಫೋನ್ ಎತ್ತಲು, ಚಹಾ ಕಾಸಲು, ಬೇಡದವರನ್ನು ಬಾಗಿಲಲ್ಲೇ ತಡೆಯಲು ಅವರಿಗೊಬ್ಬರು ಬೇಕಿತ್ತು.

ಅವರು ಮಾಡುತ್ತಿದ್ದ ಆಟದ ಹೆಸರು 'ಹಾರ್'. ಕಡಲಿನಿಂದೆದ್ದು ಊರನ್ನು ನುಂಗುವ ಮಂಜಿಗೆ ಅಲ್ಲಿ ಹಾಗೆನ್ನುತ್ತಾರೆ. ಮಂಜಿನಲ್ಲಿ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹಾರುವುದೇ ಆಡುವವನ ಕೆಲಸವಾದ್ದರಿಂದ ಕನ್ನಡದವರಿಗೆ ಬೇರೆ ಅರ್ಥ ಹೇಳಬೇಕಿಲ್ಲ. ತಪ್ಪಿ ನೀರಿಗೆ ಬಿದ್ದರೆ ದೋಣಿಯ ಹೆಂಗಸೊಬ್ಬಳು ಕೊಕ್ಕೆ ಹಾಕಿ ಎಳೆದು, ಚೆನ್ನಾಗಿ ಬೈದು, ಮತ್ತೆ ಕಂಬದ ಮೇಲೆ ನಿಲ್ಲಿಸುತ್ತಾಳೆ.

ಧ್ವನಿಯ ಕೆಲಸ ನೋಡುತ್ತಿದ್ದ ಲಾಕ್ಲನ್ ಒಂದು ದಿನ ಚಹಾ ಲೋಟ ಹಿಡಿದು ಬಂದ.

"ಸೆಂಗಾ, ನಿಜವಾದ ನಟಿ ಬರೋವರೆಗೂ ತಾತ್ಕಾಲಿಕವಾಗಿ ನೀವು ಬೈದು ಕೊಡ್ತೀರಾ?"

"ಬೈಯೋದ್ರಲ್ಲಿ ತಾತ್ಕಾಲಿಕ ಎಂಥದು ಮಗಾ. ಖಾಯಮ್ಮಾಗೇ ಬೈತೀನಿ."

ಪೊರಕೆ ಇಡುವ ಗೂಡಿನ ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ ಲಾಕ್ಲನ್ ಅದನ್ನೇ ಸ್ಟುಡಿಯೋ ಎನ್ನುತ್ತಿದ್ದ. ಅದರೊಳಗೆ ನಿಂತು ಅವಳು ಬೈದಳು. ಹುಡುಗರು ಆ ಬೈಗುಳ ಕೇಳುವುದಕ್ಕಾಗಿಯೇ ನೀರಿಗೆ ಬೀಳತೊಡಗಿದರು.

ಆಟ ಬೆಳೆದಂತೆಲ್ಲ ಮೊದಲಿನದು ಒಂದೊಂದೇ ಉದುರಿತು. ಮೊದಲ ರೂಪದಲ್ಲಿ ನಾಯಕನಿಗೆ ಕೆಂಪು ಗಡ್ಡವಿತ್ತು; ಗಡ್ಡ ಅಲುಗಾಡಿಸುವಷ್ಟು ತ್ರಾಣ ಯಂತ್ರಕ್ಕಿಲ್ಲದೆ ಬೋಳಿಸಿದರು. ಒಂದು ತಿಮಿಂಗಿಲವಿತ್ತು, ಹೋಗಿ ಹೋಗಿ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಿತ್ತೆಂದು ತೆಗೆದರು, ಅದರ ಬಾಲ ಮಾತ್ರ ಬಂಡೆಯ ವೇಷದಲ್ಲಿ ಉಳಿಯಿತು. ನಾಯಕನ ಕೈಯಿಂದ ಮಾಂಸದ ಕಡುಬು ಕಸಿಯುವ ಕಡಲಹಕ್ಕಿಯಿತ್ತು. ಆಡುವವರು ಆಟ ಬಿಟ್ಟು ಕಡುಬು ಹುಡುಕಲು ನಿಂತದ್ದರಿಂದ ಎರಡೂ ಹೋದವು. ಕೊನೆಗೆ ಸೆಂಗಾಳ ಗಂಟಲೂ ಹೋಯಿತು. ಲಂಡನ್ನಿನಿಂದ ನಟಿಯೊಬ್ಬಳು ಬಂದು, ಬೈಗುಳಕ್ಕೆಲ್ಲ ಇಸ್ತ್ರಿ ಹಾಕಿ ಹೋದಳು.

ಸೆಂಗಾ ಒಂದು ವಾರ ಹುಡುಗರ ಚಹಾಕ್ಕೆ ಸಕ್ಕರೆ ಮರೆತಳು. ಅಕ್ಕ ನೆಟ್ಟಾಳಿಗೆ ಮಾತ್ರ ವಿಷಯ ಹೇಳಲಿಲ್ಲ.

ನೆಟ್ಟಾ ಗೌರ್ಲೇ ಅದೇ ಕಟ್ಟಡದಲ್ಲಿ, ಸೆಂಗಾಳ ಕೆಳಗಿನ ಮನೆಯಲ್ಲಿದ್ದಳು. ಹೆಸರಿಗೆ ತಕ್ಕ ಹಾಗೆ ನಡೆ ನುಡಿ ಜಡೆ ಎಲ್ಲ ನೆಟ್ಟಗೆ. ಚರ್ಚಿನ ಮಹಿಳಾ ಸಂಘದ ಅಧ್ಯಕ್ಷೆ. ಸಂಘದ ಕೇಕ್ ಸ್ಪರ್ಧೆಯ ಮೊದಲ ಬಹುಮಾನ ಅವಳ ಮನೆಯ ಬಾಡಿಗೆದಾರನಂತೆ, ಬೇರೆ ಕಡೆ ಹೋಗಿಯೇ ಇರಲಿಲ್ಲ. ಆದರೆ ಎರಡು ಚಳಿಗಾಲದಿಂದ ಅವಳ ಕೈ ನಡುಗುತ್ತಿತ್ತು. ಹಿಟ್ಟು ಕಲಸಲಾಗದು, ಬಟ್ಟಲು ಹಿಡಿಯಲಾಗದು. ದೂರದ ಬೇಕರಿಯಿಂದ ಕೇಕ್ ತಂದು, ಮೇಲಿನ ಬಾದಾಮಿ ಕಿತ್ತು, ಅಮ್ಮ ಜೋಡಿಸುತ್ತಿದ್ದ ಹಾಗೆ ಸುತ್ತುಸುತ್ತಾಗಿ ಮತ್ತೆ ಕೂರಿಸುವುದು. ಕೂರಿಸುತ್ತಿದ್ದದ್ದು ಸೆಂಗಾಳ ಬೆರಳು. ಯಾರಿಗೂ ಹೇಳಕೂಡದೆಂದು ನೆಟ್ಟಾ ಅಮ್ಮನ ಗೋರಿಯ ಮೇಲೆ ಆಣೆ ಹಾಕಿಸಿದ್ದಳು. ಕೇಕಿನದಕ್ಕಿಂತ ಕೈಯದೇ ಅವಳಿಗೆ ದೊಡ್ಡ ಗುಟ್ಟು.

ಆ ನೆಟ್ಟಾ ಈಗ ಅಂಗಡಿಯಲ್ಲಿ ಆಟಕ್ಕೆ ಹೆಸರು ಬರೆಸಿ ಬಂದಿದ್ದಳು. ಮೊಮ್ಮಕ್ಕಳು ಬಿಟ್ಟುಹೋದ ಆಟದ ಯಂತ್ರವೊಂದು ಮನೆಯಲ್ಲಿತ್ತು.

"ನಿನ್ನ ಗಂಟಲು ಕೇಳೋವರೆಗೂ ಕುರ್ಚಿ ಬಿಟ್ಟು ಏಳಲ್ಲ ನೋಡು," ಎಂದಿದ್ದಳು. "ಬಿದ್ರೆ ತಾನೇ ಬೈಯೋದು? ಬೀಳೋದು ನನಗೆ ಬರುತ್ತೆ."

ಆಟವನ್ನು ಕಾರ್ಖಾನೆಗೆ ಕಳಿಸುವ ಶುಕ್ರವಾರ ಬಂತು. ಎಲ್ಲ ಮುಗಿದ ಮೇಲೆ ಒಂದು ಚಿನ್ನದ ಬಣ್ಣದ ಡಿಸ್ಕಿಗೆ ಆಟವನ್ನು ಇಳಿಸುತ್ತಾರೆ. ಅದರಿಂದಲೇ ಕಾರ್ಖಾನೆ ಸಾವಿರಾರು ಪ್ರತಿ ಒತ್ತುವುದು. ಒತ್ತಿದ ಮೇಲೆ ಒಂದಕ್ಷರ ತಿದ್ದಲಾಗದು. ಆಟಕ್ಕೆ ಬಿಡುಗಡೆ ಎನ್ನುತ್ತಾರಲ್ಲ, ನಿಜವಾಗಿ ಬಿಡುಗಡೆ ಹುಡುಗರಿಗೆ. ತಂಡದ ಯಜಮಾನಿ ರೋನಾ ಮೆನ್‌ಮ್ಯೂರ್ ಡಿಸ್ಕನ್ನು ಕೈಚೀಲದಲ್ಲಿಟ್ಟು, ಸಂಜೆಯ ರೈಲಿಗೆ ಹೊರಡಲು ಕೋಟು ತೊಟ್ಟು ಕೂತಿದ್ದಳು. ಹುಡುಗರು ಊಟಕ್ಕೆ ಹೋಗಿದ್ದರು.

ಸೆಂಗಾ ಖಾಲಿ ಕುರ್ಚಿಯೊಂದರಲ್ಲಿ ಕೂತು, ಹೆಡ್‌ಫೋನ್ ಹಾಕಿಕೊಂಡು, ಕೊನೆಯ ಸಲವೆಂದು ಆಡಿದಳು. ಮೂರನೆಯ ಕಂಬದಲ್ಲಿ ಬಿದ್ದಳು. ಅವಳು ಯಾವಾಗಲೂ ಬೀಳುತ್ತಿದ್ದದ್ದು ಅಲ್ಲೇ. ಲಂಡನ್ ನಟಿ ಇಸ್ತ್ರಿ ಮಾಡಿದ ಬೈಗುಳ ಬೈದಳು. ಸೆಂಗಾ ಮತ್ತೆ ಹಾರಿದಳು, ಮತ್ತೆ ಬಿದ್ದಳು. ಹಟ ಬಂತು. ಹತ್ತನೆಯ ಸಲ ಬಿದ್ದಾಗ ಕಿವಿಯೊಳಗೆ ಹಡಗಿನ ಕೊಂಬು ಮೊಳಗಿತು.

"ಮುಳುಗು ನೆಟ್ಟಾ ಗೌರ್ಲೇ! ಕೈ ನಡುಗೋ ಮುದುಕಿ, ಬೇಕರಿ ಕೇಕಿಗೆ ಬಾದಾಮಿ ಮೆತ್ತಿ ಬಹುಮಾನ ಹೊಡೀತೀಯ, ನನ್ನ ಕೆಲಸ ನೋಡಿ ನಗ್ತೀಯಾ?"

ಸೆಂಗಾಳ ಕೈಯಿಂದ ಕಂಟ್ರೋಲರ್ ಜಾರಿತು.

ನೆನಪಾಯಿತು. 'ಮುದಿ ಕೂಸುಗಳ ಎಂಜಲು ಲೋಟ ತೊಳೆಯುವ ಕೆಲಸ' ಎಂದು ನೆಟ್ಟಾ ಸಂಘದ ಹೆಂಗಸರ ಮುಂದೆ ನಕ್ಕ ವಾರ ಅದು. ಲಾಕ್ಲನ್ 'ಒಂದು ನಿಜವಾದ ಸಿಟ್ಟು ಬೇಕು, ಹತ್ತು ಸಲ ಬಿದ್ದವರಿಗೆ' ಎಂದು ಕೇಳಿದ್ದ. ಅವಳು ಇದ್ದದ್ದನ್ನೇ ಕೊಟ್ಟಿದ್ದಳು.

ಇನ್ನು ಲೆಕ್ಕ ಸರಳ. ಒಂದೇ ಕಂಬದಲ್ಲಿ ಹತ್ತು ಸಲ ಬೀಳುವವರು ಯಾರು? ಹುಡುಗರು ಬೈಗುಳಕ್ಕೆಂದು ಒಂದೆರಡು ಸಲ ಬಿದ್ದರೂ ಹತ್ತು ಸಲ ಬೀಳುವುದಿಲ್ಲ, ಅದಕ್ಕೇ ಯಾರೂ ಕೇಳಿರಲಿಲ್ಲ. ಕೈ ನಡುಗುವವರು ಬೀಳುತ್ತಾರೆ.

ಅವಳು ಲಾಕ್ಲನ್‌ನನ್ನು ಮೆಟ್ಟಿಲ ಬಳಿ ಹಿಡಿದಳು. ಕಡುಬು ಅವನ ಬಾಯಲ್ಲೇ ಇತ್ತು.

"ನನ್ನ ಬೈಗುಳ ಎಲ್ಲಾ ತೆಗ್ದಿದೀಯ ತಾನೇ?"

"ಎಲ್ಲಾ ತೆಗ್ದೆ. ಸೆಂಗಾ ಅಂತ ಹೆಸರಿದ್ದ ಒಂದೊಂದು ಫೈಲೂ ಹುಡುಕಿ ಅಳಿಸ್ದೆ."

"ಹತ್ತನೇದು?"

ಲಾಕ್ಲನ್ ಅಗಿಯುವುದನ್ನು ನಿಲ್ಲಿಸಿದ. "ಅದಕ್ಕೆ... ಅದಕ್ಕೆ ಆಗ್ನೆಸ್ ಅಂತ ಹೆಸರಿಟ್ಟಿದ್ದೆ. ನಿಮ್ಮ ಹೆಸರು ತಿರುಗಿಸಿ. ತಮಾಷೆಗೆ."

"ಅಮ್ಮನ ಹೆಸರಲ್ಲಿ ಅಕ್ಕನ ಮಾನ ತೆಗೆಸಿದ್ಯಲ್ಲೋ ಮಗಾ."

ಇಬ್ಬರೂ ರೋನಾಳ ಮುಂದೆ ನಿಂತರು. ರೋನಾ ಬಾಗಿಲ ಕಡೆ ನೋಡುತ್ತಲೇ ಕೇಳಿಸಿಕೊಂಡು ಹೇಳಿದಳು.

"ಚಿನ್ನಕ್ಕಿಳಿಸಿದ್ಮೇಲೆ ಯಾರೂ ಏನೂ ಮುಟ್ಟಂಗಿಲ್ಲ. ಇದು ನಾವೇ ಮಾಡಿದ ನಿಯಮ."

"ಒಂದ್ಸಲ ಕೇಳಿಸ್ಕೋ," ಎಂದಳು ಸೆಂಗಾ, "ಆಮೇಲೆ ನಿಯಮ ಹೇಳು."

ರೋನಾ ಹೆಡ್‌ಫೋನ್ ಹಾಕಿ ಕೇಳಿದಳು. ತೆಗೆದು ಮೇಜಿನ ಮೇಲಿಟ್ಟಳು. ಸ್ವಲ್ಪ ಹೊತ್ತು ಕೋಟಿನ ಗುಂಡಿ ಹಾಕುತ್ತಾ ಬಿಚ್ಚುತ್ತಾ ಇದ್ದಳು.

"ಆ ಕೇಕ್ ಸ್ಪರ್ಧೇಲಿ ನಮ್ಮಮ್ಮನಿಗೆ ಪ್ರತಿ ವರ್ಷ ಎರಡನೇ ಬಹುಮಾನ," ಎಂದಳು.

ಸೆಂಗಾ ಹೆಡ್‌ಫೋನನ್ನು ಮೇಜಿನ ಆಚೆ ತುದಿಗೆ ಸರಿಸಿದಳು.

"ನಾನೇನೂ ಕೇಳಿಸ್ಕೊಂಡಿಲ್ಲ," ಎಂದಳು ರೋನಾ. "ಲಾಕ್ಲನ್, ಅಳಿಸಿ ಇನ್ನೊಂದು ಡಿಸ್ಕ್ ಮಾಡು. ಟ್ಯಾಕ್ಸಿ ಬರುತ್ತೆ."

"ಅಳಿಸಕ್ಕಾಗಲ್ಲ. ಆ ಜಾಗದಲ್ಲಿ ಫೈಲ್ ಇಲ್ಲಾಂದ್ರೆ ಹತ್ತನೇ ಸಲ ಆಟಾನೇ ನಿಂತುಬಿಡುತ್ತೆ. ಅದೇ ಹೆಸರಲ್ಲಿ, ಅಷ್ಟೇ ಉದ್ದಕ್ಕೆ ಬೇರೆ ಏನಾದ್ರೂ ಇರ್ಬೇಕು. ನಟಿ ಲಂಡನ್ನಲ್ಲಿದಾಳೆ."

ಮೂವರೂ ಪೊರಕೆಯ ಗೂಡಿನ ಕಡೆ ನೋಡಿದರು.

ಗೂಡಿನೊಳಗೆ ಸೆಂಗಾ ಮೊದಲು ಕೆಮ್ಮಿದಳು. ಎರಡನೆಯ ಸಲ ಮಾತು ಉದ್ದವಾಯಿತು. ಏನು ಹೇಳಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಹೊರಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಕಣ್ಣು ಮುಚ್ಚಿದಳು. ಚರಂಡಿ ನೀರಲ್ಲಿ ಬಿದ್ದೆದ್ದು ಅಕ್ಕತಂಗಿಯರು ಅಳುತ್ತಾ ಬಂದಾಗ ಮೆಟ್ಟಿಲ ಮೇಲಿನಿಂದ ಕೇಳುತ್ತಿದ್ದ ಒಂದು ಮಾತು ಬಾಯಿಗೆ ಬಂತು. ಹೇಳಿದಳು.

"ಏಳೇ ಅಂದ್ರಲ್ಲ," ಎಂದ ಲಾಕ್ಲನ್. "ನಾಯಕ ಗಂಡಸು."

"ಗಡ್ಡ ಬೋಳಿಸಿದೀರಲ್ಲ, ಯಾರಿಗೆ ಗೊತ್ತಾಗುತ್ತೆ? ಹಾಕು."

ಹೊಸ ಡಿಸ್ಕ್ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಂತು. ಆಡಿ ನೋಡಲು ಹೊತ್ತಿರಲಿಲ್ಲ. ರೋನಾ ಹಳೆಯದನ್ನೂ ಚೀಲದಲ್ಲೇ ಇಟ್ಟುಕೊಂಡಳು.

"ಹೊಸದು ಕೈ ಕೊಟ್ರೆ ಹಳೇದೇ ಕೊಡ್ತೀನಿ ಸೆಂಗಾ. ಈಗ್ಲೇ ಹೇಳಿದೀನಿ. ಕಾರ್ಖಾನೇಲಿ ಸರದಿ ತಪ್ಪಿದ್ರೆ ಕ್ರಿಸ್‌ಮಸ್‌ಗೆ ಆಟ ಇಲ್ಲ, ಆಮೇಲೆ ನಾವೂ ಇಲ್ಲ."

ಮರುದಿನ ರೋನಾಳ ಫೋನ್ ಬಂತು.

"ಕೊಟ್ಟೆ, ಒಪ್ಕೊಂಡ್ರು."

"ಯಾವುದು ಕೊಟ್ಟೆ?"

"ಮೇಲಿದ್ದದ್ದು. ಎರಡರ ಮೇಲೂ 'ಅಂತಿಮ' ಅಂತ ಒಂದೇ ಥರ ಬರೆದಿತ್ತು. ಮೇಲಿದ್ದದ್ದು ಹೊಸದು ತಾನೇ? ಇನ್ನೊಂದನ್ನ ಮುರಿದು ಹಾಕಿದೆ, ಬೇರೆಯವರ ಕೈಗೆ ಸಿಗಬಾರದಲ್ಲ."

ಸೆಂಗಾ ಲಾಕ್ಲನ್‌ನನ್ನು ನೋಡಿದಳು. ಲಾಕ್ಲನ್ ತನ್ನ ಬರೆಯುವ ಕೈಯನ್ನು ನೋಡಿಕೊಂಡ. ರೈಲಿನಲ್ಲಿ ಚೀಲ ಎಷ್ಟು ಸಲ ತಲೆಕೆಳಗಾಗಿತ್ತೋ. ಅವರಲ್ಲಿ ಯಾವುದಕ್ಕೂ ಅಂತಿಮವೆಂಬ ಹೆಸರು ಮೊದಲೇ ಬಂದುಬಿಡುತ್ತಿತ್ತು, ಅಂತ್ಯ ಆಮೇಲೆ.

ಆಟ ಅಂಗಡಿಗೆ ಬರುವವರೆಗಿನ ವಾರಗಳಲ್ಲಿ ಸೆಂಗಾ ಎಷ್ಟೋ ಸಲ ಅಕ್ಕನ ಬಾಗಿಲಲ್ಲಿ ನಿಂತು ಬಾಯಿ ತೆರೆದಳು. ತೆರೆದಾಗಲೆಲ್ಲ ನೆಟ್ಟಾ, "ಗಂಟಲು ಜೋಪಾನ, ಈಗ ನೀನು ನಟಿ," ಎಂದು ಅದನ್ನು ಮುಚ್ಚಿಸಿದಳು. ಕಚೇರಿಗೆ ಬರಬೇಕಾದ ಪ್ರತಿಗಳ ಪೆಟ್ಟಿಗೆ ಸೋಮವಾರ ಬರುವುದಿತ್ತು. ಅಂಗಡಿಗಳಿಗೆ ಆಟ ಶನಿವಾರವೇ ಬಂತು. ಬಾಗಿಲು ತೆಗೆಯುವ ಹೊತ್ತಿಗೇ ನೆಟ್ಟಾ ಅಂಗಡಿಯ ಮುಂದಿದ್ದಳು.

"ಬಾ ಕೂತ್ಕೋ," ಎಂದಳು, ತಂಗಿಯನ್ನು ಮನೆಗೆ ಕರೆದು. ಪರದೆಯ ಮೇಲೆ ಮಂಜು ಏಳುತ್ತಿತ್ತು. "ಒಬ್ಬಳೇ ಬೈಸ್ಕೊಳ್ಳೋದು ಚೆನ್ನಾಗಿರಲ್ಲ."

ನೆಟ್ಟಾಳ ಕೈಯಲ್ಲಿ ಕಂಟ್ರೋಲರ್ ಹಕ್ಕಿಮರಿಯ ಹಾಗೆ ಅದುರುತ್ತಿತ್ತು. ಮೊದಲ ಕಂಬದಲ್ಲೇ ಬಿದ್ದಳು. ಲಂಡನ್ ನಟಿ ಬೈದಳು.

"ಇದು ನೀನಲ್ಲ."

"ಅಲ್ಲ."

"ಯಾಕಲ್ಲ?"

"ಅಕ್ಕಾ, ಇಷ್ಟು ಸಾಕು, ಚಹಾ ಮಾಡ್ತೀನಿ, ಏಳು."

"ಕೂತ್ಕೋ."

ಮತ್ತೆ ಬಿದ್ದಳು. ಮತ್ತೆ. ಸೆಂಗಾಳ ಬೆರಳು ಲಂಗದ ಅಂಚನ್ನು ಸುತ್ತಿ ಸುತ್ತಿ ಹಗ್ಗ ಮಾಡಿತು. ಯಂತ್ರದ ತಂತಿ ಗೋಡೆಯಲ್ಲಿತ್ತು. ಕಾಲು ಚಾಚಿದರೆ ಕಿತ್ತುಬಿಡಬಹುದು. ಚಾಚಿದಳು. ಎಟುಕಲಿಲ್ಲ; ಗಿಡ್ಡ ಹೆಂಗಸು. ನೆಟ್ಟಾ ತುಟಿ ಕಚ್ಚಿಕೊಂಡು ಹಾರಿದಳು, ಬಿದ್ದಳು. ನಟಿ ಬೈದಳು. ಇನ್ನೊಂದು ಬಾಕಿ.

"ಅಕ್ಕಾ, ಮೊದಲೇ ಒಂದು ಮಾತು ಹೇಳ್ತೀನಿ—"

ನೆಟ್ಟಾ ಬಿದ್ದಳು. ನೀರು ಎದ್ದಿತು. ನಟಿ ಸುಮ್ಮನಿದ್ದಳು. ಯಂತ್ರ ಮಾತ್ರ ಒಳಗೊಳಗೇ ಏನನ್ನೋ ಹುಡುಕಿ ಗೊರಗುಟ್ಟಿತು.

"ಏಳೇ. ಬಟ್ಟೆ ಒಣಗುತ್ತೆ. ಮೂತಿ ಒರೆಸ್ಕೊಂಡು ಇನ್ನೊಂದ್ಸಲ ಹಾರು."

ದೋಣಿಯ ಹೆಂಗಸು ಕೊಕ್ಕೆ ಹಾಕಿ ಎಳೆದು ಕಂಬದ ಮೇಲೆ ನಿಲ್ಲಿಸಿದಳು.

ನೆಟ್ಟಾ ಪರದೆಯನ್ನೇ ನೋಡುತ್ತಿದ್ದಳು. ಸೆಂಗಾ ಹಗ್ಗವಾಗಿದ್ದ ಲಂಗದ ಅಂಚನ್ನು ಬಿಡಿಸಿದಳು. ಫೈಲಿಗೆ ಲಾಕ್ಲನ್ ಇಟ್ಟ ಅಮ್ಮನ ಹೆಸರು ತಮಾಷೆಗಿಟ್ಟದ್ದಾದರೂ ಈಗ ಸರಿಯಾಗಿತ್ತು.

"ಇದಕ್ಕೆ ಅಮ್ಮನಿಗೇನಾದ್ರೂ ಸಂಬಳ ಕೊಟ್ರಾ?" ಎಂದಳು ನೆಟ್ಟಾ.

"ಇಲ್ಲ. ತಾತ್ಕಾಲಿಕ ಕೆಲಸ."

"ಹೂಂ. ನೀನೇನೋ ಹೇಳಕ್ಕೆ ಬಂದಿದ್ದೆ."

"ಕೇಕಿನ ಬಾದಾಮಿ ಈ ಸಲ ನೆನೆಸಿ ಇಡೋಣ ಅಂತ."

ನೆಟ್ಟಾ ತಂಗಿಯನ್ನು ಒಮ್ಮೆ ನೋಡಿದಳು, ನಂಬದವಳ ಹಾಗೆ. ಆಮೇಲೆ ನಡುಗುವ ಎರಡೂ ಕೈಯಲ್ಲಿ ಕಂಟ್ರೋಲರನ್ನು ಎತ್ತಿಕೊಂಡಳು.

"ಚಹಾ ಆಮೇಲೆ," ಎಂದಳು. "ತಾಳು, ಇನ್ನೊಂದು ಹತ್ತು ಸಲ ಬೀಳ್ತೀನಿ."