ಕೆಂಡಕ್ಕನ ತಮ್ಮನ ರಕ್ತ

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಕೆಂಡಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆಯೂ ಎದುರಿಗೂ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ರೋಗಿಗೆ ಕೊಟ್ಟ ಆ್ಯಂಟಿಬಯಾಟಿಕ್ ರಕ್ತದಲ್ಲಿ ಎಷ್ಟಿದೆ, ದೇಹ ಅದನ್ನು ಎಷ್ಟು ಒಡೆದಿದೆ ಎಂದು ಅಳೆಯುವುದು ಅವಳ ಕೆಲಸ. ಕಡಿಮೆಯಾದರೆ ಸೋಂಕು ಗೆಲ್ಲುತ್ತದೆ, ಹೆಚ್ಚಾದರೆ ಔಷಧಿಯೇ ವಿಷ. ತಪ್ಪಾಗಿ ತೆಗೆದ ರಕ್ತ ಬಂತೋ, ವಾರ್ಡಿಗೆ ಫೋನು ಮಾಡಿ ಕೂಗಾಡುತ್ತಿದ್ದಳು. ಆ ಗಂಟಲಿಗೆ ಫೋನು ಯಾಕೆ ಬೇಕು ಎಂದು ಜೊತೆಯವರು ನಗುತ್ತಿದ್ದರು.

ಅವತ್ತು ಬಂದ ಸ್ಯಾಂಪಲ್ ಅವಳ ತಮ್ಮನದು. ಕಾಲಿನ ಮೂಳೆಗೆ ಸೋಂಕು ತಗುಲಿ ಮೇಲಿನ ವಾರ್ಡಿನಲ್ಲಿ ಮಲಗಿದ್ದ. ಔಷಧಿ ಹಿಡಿಯದಿದ್ದರೆ ಕಾಲು ತೆಗೆಯಬೇಕಾದೀತು ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಯಂತ್ರದ ಅಂಕಿಯನ್ನು ಅವಳು ಎರಡೆರಡು ಸಲ ಓದಿದಳು. ಔಷಧಿ ಮಿತಿಮೀರಿತ್ತು. ಈ ವರದಿ ಮೇಲೆ ಹೋದರೆ ಸಂಜೆಯ ಡೋಸು ನಿಲ್ಲಿಸಿಬಿಡುತ್ತಾರೆ. ಆದರೆ ದೇಹ ಔಷಧಿಯನ್ನು ಒಡೆದಾಗ ಹುಟ್ಟುವ ಅಂಶ ಮಾತ್ರ ಚೂರೇ ಚೂರು. ಇಷ್ಟು ಔಷಧಿ ನಿಜವಾಗಿ ಮೈಯಲ್ಲಿ ಓಡಾಡಿದ್ದರೆ ಅದೂ ಏರಿರಬೇಕಿತ್ತಲ್ಲ! ಔಷಧಿ ಹರಿಸಿದ ಡ್ರಿಪ್ಪಿನ ಪೈಪಿನಿಂದಲೇ ಯಾರೋ ರಕ್ತ ಎಳೆದಿದ್ದರು. ಪೈಪಿನಲ್ಲಿ ಉಳಿದಿದ್ದ ಔಷಧಿ ಅದರೊಳಗೆ ಬೆರೆತಿತ್ತು.

ಡಾಕ್ಟರಿಗೆ ಫೋನು ಮಾಡಿದಳು. "ಹಾಗಾದ್ರೆ ಇನ್ನೊಂದು ಕೈಯಿಂದ ಮತ್ತೆ ತೆಗೆಸೋಣ," ಎಂದರು ಅವರು. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದಳು.

"ಯಾವ ಪುಣ್ಯಾತ್ಮರು ತೆಗೆದಿದ್ದು ಇದನ್ನ?"

ನರ್ಸ್ ತಲೆ ತಗ್ಗಿಸಿದಳು. "ನಾನೇ ಅಕ್ಕಾ. ನಿಮ್ಮ ಅಮ್ಮ ಕೈ ಮುಗಿದ್ರು. ನಾನು ಒಪ್ಪಬಾರದಿತ್ತು."

ಅಮ್ಮ ಮಂಚದ ಪಕ್ಕದ ಸ್ಟೂಲಿನಲ್ಲಿದ್ದಳು. "ಮಗೂಗೆ ಎಷ್ಟು ಸಲ ಅಂತ ಚುಚ್ತಾರೆ? ಕೈಯೆಲ್ಲಾ ನೀಲಿಗಟ್ಟಿದೆ. ಇರೋ ಪೈಪಿನಿಂದಾನೇ ತೆಗಿಯಮ್ಮಾ ಅಂದೆ. ಅದಕ್ಕೇನೀಗ?"

ಮಂಚದ ಮೇಲಿದ್ದ ಆ ಮಗು ಗಿರಿಜಾಮೀಸೆ ಬಿಟ್ಟುಕೊಂಡು ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಅದಕ್ಕೇನಾ? ನಿನ್ನ ಮುದ್ದಿಗೆ ಇವನ ಕಾಲೇ ಹೋಗ್ತಿತ್ತು!"

ಇದು ಇವತ್ತಿನ ಸಿಟ್ಟಲ್ಲ. ಚಿಕ್ಕವನಿದ್ದಾಗ ಅವನು ಕಹಿ ಔಷಧಿ ಉಗುಳಿದರೆ, ಟವೆಲಿನಲ್ಲಿ ಬಾಯಿ ಒರೆಸಿ, "ಪೂರ್ತಿ ಕುಡಿದ" ಎಂದು ಅಪ್ಪನಿಗೆ ಹೇಳುತ್ತಿದ್ದವಳೂ ಈ ಅಮ್ಮನೇ. ಆಮೇಲೆ ಜ್ವರ ಏರಿದಾಗ ಪಕ್ಕದಲ್ಲಿ ಎಚ್ಚರವಿದ್ದು ಒದ್ದೆ ಬಟ್ಟೆ ಹಾಕುತ್ತಿದ್ದವಳು ಮಾತ್ರ ಅಕ್ಕ.

ಸೂಜಿ ಕಂಡೊಡನೆ ತಮ್ಮ "ಅಕ್ಕಾ..." ಎಂದು ನರಳಿದ. ಅವಳು ಡ್ರಿಪ್ ಇಲ್ಲದ ಅವನ ಬಲಗೈಯನ್ನು ಒತ್ತಿ ಹಿಡಿದಳು. ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕೆಳಗೆ ಲ್ಯಾಬಿಗೆ ಓಡಿ ಹೊಸ ರಕ್ತವನ್ನು ಅವಳೇ ಯಂತ್ರಕ್ಕೆ ಹಾಕಿದಳು. ಔಷಧಿ ಹೆಚ್ಚಾಗಿರುವುದಿರಲಿ, ಬೇಕಾದಷ್ಟೂ ಇರಲಿಲ್ಲ. ಮೊದಲ ಅಂಕಿ ನಂಬಿದ್ದರೆ ನಿಂತೇಹೋಗುತ್ತಿದ್ದ ಡೋಸನ್ನು ಡಾಕ್ಟರು ಸಂಜೆಯಿಂದಲೇ ಏರಿಸಿದರು.

ಮನೆಗೆ ಹೊರಟವಳನ್ನು ವಾರ್ಡಿನ ಬಾಗಿಲಲ್ಲಿ ಅಮ್ಮ ತಡೆದಳು. ಅತ್ತು ಅತ್ತು ಮುಖ ಊದಿತ್ತು. "ಇನ್ನು ನನ್ನ ಜೊತೆ ಮಾತೇ ಆಡಲ್ವೇನೇ?"

ಮಗಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

"ನಾಳೆ ಮತ್ತೆ ರಕ್ತ ತೆಗೀತಾರೆ," ಎಂದಳು. "ಅವನ ಕೈ ನೀನೇ ಹಿಡ್ಕೋಬೇಕು. ಮುಖ ತಿರುಗಿಸಿದ್ರೆ ನೋಡು."