ಗಚ್ಚಿನ ಕಮಾನಿನ ಕೆಳಗೆ

ನನ್ನ ಕೈಯಿಂದ ಕೆಟ್ಟ ಕೆಲಸ ಒಂದೇ ಒಂದು, ಅದೂ ದೇವರ ಮನೆಯದು. ಒಂದೇ ಎಂದು ಹೇಳಿಕೊಳ್ಳುವುದು ಗೌಂಡಿಯ ಜಂಬ. ಉಳಿದವು ಇನ್ನೂ ಬಿದ್ದಿಲ್ಲ, ಅಷ್ಟೇ.

ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಕೊನೆಗೆ ಹಳೆಯ ಮೆಥೋಡಿಸ್ಟ್ ಚರ್ಚು. ನಿಜಾಮನ ಕಾಲದಲ್ಲಿ ಯಾರೋ ಬಿಳಿ ಪಾದ್ರಿ ಕಟ್ಟಿಸಿದ್ದಂತೆ. ಕಟ್ಟಿದವರು ಮಾತ್ರ ಮುದಗಲ್ ಕಡೆಯ ಕಲ್ಲುಕುಟಿಗರು. ಪಾದ್ರಿ ತನ್ನ ದೇಶದ ನಕ್ಷೆ ಕೊಟ್ಟಿರಬಹುದು, ಆದರೆ ಅವರ ಕೈಗೆ ಗೊತ್ತಿದ್ದದ್ದು ಕೋಟೆ ಮತ್ತು ದರ್ಗಾ. ಹಾಗಾಗಿ ಗೋಡೆ ಕೋಟೆಯಂತೆ ಎರಡು ಮೊಳ ದಪ್ಪ. ಜನ ಕೂರುವ ಜಾಗಕ್ಕೂ ಬಲಿಪೀಠಕ್ಕೂ ನಡುವಿನ ದೊಡ್ಡ ಕಮಾನು ದರ್ಗಾದ ಬಾಗಿಲಿನಂತೆ ಚೂಪು. ಕಲ್ಲು ಹೊತ್ತವರು ಕೇರಿಯ ಹೆಣ್ಣುಮಕ್ಕಳು. ಊರ ಗುಡಿಯ ಕಟ್ಟೆ ಹತ್ತಲಾಗದವರು ತಾವೇ ಹೊತ್ತ ಕಲ್ಲಿನ ಮನೆಯಲ್ಲಿ ಚಾಪೆ ಹಾಸಿಕೊಂಡು ಕೂತರು. ನಮ್ಮದು ಶಿವನ ಮನೆತನವಾದರೂ ಆ ಚರ್ಚಿನ ರಿಪೇರಿ ಅಪ್ಪನ ಕಾಲದಿಂದ ನಮಗೇ ಸೇರಿದ್ದು.

ಅಪ್ಪ ಗಚ್ಚಿನ ಕೆಲಸದವನು. ಸುಣ್ಣ ನೆನೆಹಾಕಬೇಕು, ಮರಳು ಕೂಡಿಸಿ ಗಾಣದಲ್ಲಿ ಅರೆಯಬೇಕು, ಬೆಲ್ಲದ ನೀರು ಬೆರೆಸಬೇಕು, ಆಮೇಲೆ ವಾರಗಟ್ಟಲೆ ಕಾಯಬೇಕು. ನೋಡಿ ನೋಡಿ ನನಗೆ ತಲೆ ಕೆಡುತ್ತಿತ್ತು. ಅವನು ಹಾಸಿಗೆ ಹಿಡಿದ ವರ್ಷ ಸಭೆಯವರು ಚರ್ಚಿನ ಒಳಗೆಲ್ಲ ಹೊಸ ಗಿಲಾವು ಮಾಡಿಕೊಡು ಎಂದರು. ನಾನು ಸಿಮೆಂಟು ತರಿಸಿದೆ.

"ಲೇ, ಗಚ್ಚಿನ ಗ್ವಾಡಿ ಬೆವರತೈತಿ. ಬೆವರು ಹೊರಗ ಬರಾಕ ದಾರಿ ಬಿಡು," ಎಂದು ಅಪ್ಪ ಮಲಗಿದಲ್ಲಿಂದಲೇ ಕೂಗಿದ.

"ಸುಮ್ಮನ ಮಕ್ಕೋ ಅಪ್ಪಾ, ಕಾಲ ಬದಲಾಗೈತಿ," ಎಂದು ನಕ್ಕು ಹೊರಟೆ. ಅವನು ಹೋದ ಮೇಲೆ ಮೂರನೇ ಮಳೆಗಾಲಕ್ಕೇ ಗೋಡೆ ಉಬ್ಬಿತು. ನಾನು ಅದರ ಮೇಲೆ ಬಣ್ಣ ಹೊಡೆದೆ.

ಹೋದ ವರ್ಷ ಮಳೆ ಹಿಂದಾಗುವ ಹೊತ್ತಿಗೆ ಕಮಾನಿನ ಎರಡು ಕಲ್ಲು ಬೆರಳಗಲ ಕೆಳಗೆ ಜಾರಿದ್ದವು. ಸಿಂಧನೂರಿನಿಂದ ಇಂಜಿನಿಯರ್ ಬಂದು ಕುಟ್ಟಿ ನೋಡಿದ. "ಹಳೇ ಗಚ್ಚು ಸತ್ತೈತ್ರಿ. ಕೆಡವಿ ಹೊಸಾ ಹಾಲ್ ಕಟ್ರಿ," ಎಂದ. ಸೋಮವಾರ ಜೆಸಿಬಿ ತರಿಸುವುದೆಂದು ಸಭೆಯವರು ತೀರ್ಮಾನಿಸಿದರು. ಗಚ್ಚನ್ನು ಕೊಂದದ್ದು ಯಾರೆಂದು ನನಗೊಬ್ಬನಿಗೇ ಗೊತ್ತಿತ್ತು. ಬಾಯಿ ಬಿಟ್ಟರೆ ಸುತ್ತಲಿನ ಯಾವ ಊರಲ್ಲೂ ನನ್ನನ್ನು ಕೆಲಸಕ್ಕೆ ಕರೆಯರು. ಬಿಡದಿದ್ದರೆ ಚರ್ಚು ಇರುವುದಿಲ್ಲ.

ಐತವಾರ ಆರಾಧನೆ ಮುಗಿಯುವಾಗ ಬಾಗಿಲಲ್ಲಿ ಹೋಗಿ ನಿಂತೆ. "ಗಚ್ಚು ತಾನಾಗಿ ಸತ್ತಿಲ್ರಿ. ನನ್ನ ಸಿಮೆಂಟ ಕೊಂದೈತಿ," ಎಂದೆ. ಒಳಗೆ ನೀರು ಹೇಗೆ ಸಿಕ್ಕಿಕೊಂಡಿದೆ ಎಂಬುದನ್ನೂ ಬಣ್ಣ ಹೊಡೆದದ್ದನ್ನೂ ಹೇಳಿದೆ. ಸಿಮೆಂಟು ಕಿತ್ತು ಹೊಸ ಗಚ್ಚು ತುಂಬಿದರೆ ಕಮಾನು ಉಳಿದೀತು ಎಂದೂ ಹೇಳಿದೆ.

ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಅಲ್ಲಿ ಕಲ್ಲು ಹೊತ್ತ ಹೆಂಗಸಿನ ಮೊಮ್ಮಗಳು, ಊರಿಗೆಲ್ಲ ದೊಡ್ಡವ್ವ.

"ಇಷ್ಟ ವರ್ಷ ಬಾಯಾಗ ಕಡಬು ಇಟ್ಕೊಂಡಿದ್ದೇನಲೇ?" ಎಂದು ನನಗೆ ಬೈದು, ಆರಾಧನೆ ನಡೆಸಿದ ಸಭಾಪಾಲಕರ ಕಡೆ ತಿರುಗಿದಳು. "ಅಯ್ಯನೋರ, ಈಸ್ಟರ್ ತನಾ ಇವಗ ಬಿಡ್ರಿ. ಕೆಡಿಸಿದ ಕೈಯಾನ ನೆಟ್ಟಗ ಮಾಡ್ಲಿ. ಆಗದಿದ್ರ ಕೆಡವೋದು ಇದ್ದ ಐತಿ."

ಕಮಾನಿಗೆ ಜಾಲಿಮರದ ಕಂಬಗಳ ಆನಿಕೆ ಕೊಟ್ಟು ಆ ಗೋಡೆಯ ಸಿಮೆಂಟು ಕೀಳತೊಡಗಿದೆ. ಉಳಿಯ ಪೆಟ್ಟು ಒಂದು ಹೆಚ್ಚಾದರೆ ಕಲ್ಲೇ ಕಿತ್ತು ಬರುವಂತಿತ್ತು. ಸಿಮೆಂಟಿನ ಹಿಂದೆ ಗಚ್ಚು ಹಸಿ ಹಿಟ್ಟಿನಂತಾಗಿತ್ತು. ನೋಡಿ ಉಳಿ ಕೈಬಿಟ್ಟು ಅತ್ತುಬಿಟ್ಟೆ. ಗಾಣದ ಕಲ್ಲು ಪಾಮನಕಲ್ಲೂರಿನ ಒಬ್ಬರ ಹಿತ್ತಲಲ್ಲಿ ಸಿಕ್ಕಿತು. ಗೋಡೆ ಆರಲು ಎರಡು ತಿಂಗಳು ಬಿಟ್ಟು, ಸಂದುಸಂದಿಗೂ ಹೊಸ ಗಚ್ಚು ತುಂಬಿ ಮತ್ತೆ ಕಾದೆ.

ಈಸ್ಟರಿಗೆ ಎಂಟು ದಿನ ಇರುವಾಗ, ಶನಿವಾರ, ಆನಿಕೆ ಬಿಚ್ಚುವುದೆಂದಾಯಿತು. ಗೌಂಡಿಗಳಲ್ಲಿ ಒಂದು ರೂಢಿಯಿದೆ. ಬೇರೆಯವರು ಕಂಬಗಳಿಗೆ ಹಗ್ಗ ಕಟ್ಟಿ ಹೊರಗಿನಿಂದ ಎಳೆಯುತ್ತಾರೆ, ಕಮಾನು ಕಟ್ಟಿದವನು ಕೆಳಗೆ ನಿಲ್ಲುತ್ತಾನೆ. ಬಿದ್ದರೆ ಅವನ ಮೇಲೇ ಬೀಳಲಿ ಎಂದು. ನಾನು ನಿಂತೆ. ಶಿವನನ್ನು ಕರೆದೆ. ನಿಂತ ಜಾಗ ನೆನಪಾಗಿ ಯೇಸುವನ್ನೂ ಕರೆದೆ.

ಅಷ್ಟರಲ್ಲಿ ದೊಡ್ಡವ್ವ ಕೋಲೂರುತ್ತ ಒಳಗೆ ಬಂದಳು.

"ಹೊರಗ ನಡಿ ಬೇ!" ಎಂದು ಕೂಗಿದೆ.

"ನೀ ಗಚ್ಚು ತುಂಬೀದಿ, ಖರೆ. ಕಲ್ಲು ನಮ್ಮವು. ಸರಿ ಅತ್ಲಾಗ," ಎಂದು ಪಕ್ಕಕ್ಕೇ ಬಂದು ನಿಂತಳು. ಸಭಾಪಾಲಕರು ಎಷ್ಟು ಬೇಡಿಕೊಂಡರೂ ಕದಲಲಿಲ್ಲ. "ಎಳೀರೋ!" ಎಂದು ತಾನೇ ಹುಡುಗರಿಗೆ ಹೇಳಿದಳು.

ಮೊದಲ ಕಂಬ ಬಿತ್ತು, ಎರಡನೆಯದೂ ಬಿತ್ತು. ಮೇಲೆಲ್ಲೋ ಟಕ್ ಎಂದಿತು. ನನ್ನ ಹೆಗಲ ಮೇಲೆ ಒಂದಿಷ್ಟು ಸುಣ್ಣದ ಪುಡಿ ಉದುರಿತು. ದೊಡ್ಡವ್ವ ನನ್ನ ಮುಂಗೈ ಹಿಡಿದಳು, ಉಗುರು ನಾಟಿದವು. ಕೊನೆಯ ಕಂಬವೂ ಬಿತ್ತು. ಕಮಾನು ನಿಂತೇ ಇತ್ತು.

ಅಲ್ಲೇ ಕುಸಿದು ಕೂತು, ಮಗುವಿನ ಹಾಗೆ ಅತ್ತೆ. ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಕೋಲಿನಿಂದ ಸುತ್ತ ತೋರಿಸಿದಳು.

"ಏಳು, ಅಳೂದು ಸಾಕು. ಇನ್ನೂ ಮೂರು ಗ್ವಾಡಿ ನಿನ್ನ ಸಿಮೆಂಟಿನ್ಯಾಗ ಅದಾವ. ನಾಳೆ ಐತವಾರ. ಸೋಮವಾರ ಜಲ್ದಿ ಬಾ."